ಮಗನಿಗೂ ಮಾವನಿಗೂ ಸೌಂಡ್ ಥೆರಪಿ, ಮೂರು ವರ್ಷ ಬಳಸಿದ ಅನುಭವ

ತಟ್ಟೆ ತಗೊಂಡ್ ಬಾ ಅಂದ್ರೆ ಬಟ್ಟೆ ತಗೊಂಡ್ ಬರ್ತಿದ್ದ ನನ್ ಮಗ. ನಲ್ಲಿ ಬಿಟ್ಟಿರ್ಬೇಕು, ಕುಕ್ಕರ್ ಕೂಗ್ತಿರ್ಬೇಕು, ಆಗ ಮಾತ್ರ ಹೀಗೆ. ಮನೇಲಿ ಸದ್ದಿಲ್ದೆ ಇದ್ರೆ ಪಿಸುಗುಟ್ಟಿದ್ರೂ ಕೇಳ್ಸೋದು. ಸ್ಕೂಲಲ್ಲಿ ಮಿಸ್ಸು ಕರೆದ್ರೆ ತಿರುಗಿ ನೋಡಲ್ಲ, ಗಮನಾನೇ ಇಲ್ಲ ಅಂತ ಡೈರಿಲಿ ಬರೆದು ಕಳ್ಸೋರು, ಉಕ್ತಲೇಖನದ ಪುಸ್ತಕ ತೆಗೆದ್ರೆ ಹಳ್ಳಿ ಇರೋ ಕಡೆ ಹಲ್ಲಿ, ಹತ್ತು ಇರೋ ಕಡೆ ಹದ್ದು, ಮನೆ ಮಣೆ ಎರಡೂ ಒಂದೇ, ಪೇಜೆಲ್ಲ ಕೆಂಪು ಇಂಕು. ನಾನು ಬೈದಿದೀನಿ, ಒಂದೆರಡು ಸಲ ಹೊಡೆದೂ ಇದೀನಿ, ಈಗ ನೆನೆಸ್ಕೊಂಡ್ರೆ ಕರುಳು ಚುರ್ ಅನ್ನುತ್ತೆ.

ನಾವಿರೋದು ಮಂಡ್ಯದಲ್ಲಿ. ಅವ್ನು ಎರಡ್ನೇ ಕ್ಲಾಸಲ್ಲಿದ್ದಾಗ ಯಾರೋ ಹೇಳಿದ್ರು ಅಂತ ಬೆಂಗ್ಳೂರಿನ ಒಂದು ಥೆರಪಿ ಸೆಂಟರ್‌ಗೆ ಹೋದ್ವಿ, ಹೆಸರು ಬೇಡ. ದೊಡ್ಡ ಹೆಡ್‌ಫೋನು, ಅದ್ರಲ್ಲೇ ನೆತ್ತಿ ಮೇಲೆ ಕೂರೋ ಸಣ್ಣ ವೈಬ್ರೇಟರ್ರು, ಹಾಡು ತುಂಬಿರೋ ಪ್ಲೇಯರ್ರು, ಎಲ್ಲ ಸೇರಿ 46 ಸಾವಿರ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಕೇಳಿಸ್ಬೇಕು. ಡಿಸ್ಲೆಕ್ಸಿಯಾ (ಓದು ಬರಹದ ತೊಡಕು), ಆಟಿಸಂ (ಬೇರೆಯವ್ರ ಜೊತೆ ಬೆರೆಯೋದು, ಮಾತಾಡೋದು ಕಷ್ಟ ಆಗೋದು), ಎಡಿಎಚ್‌ಡಿ (ಗಮನ ನಿಲ್ಲದೆ ಇರೋದು, ಅತಿ ಚಟುವಟಿಕೆ), ವಯಸ್ಸಾದವ್ರ ಕಿವಿ ಮಂದ, ಕಿವಿಲಿ ಗುಂಯ್ ಅನ್ನೋದು, ಎಲ್ಲಕ್ಕೂ ಇದೇ ಸಾಕು ಅಂದ್ರು. ಅಲ್ಲೇ ನಂಗೆ ಅನುಮಾನ ಬರ್ಬೇಕಿತ್ತು, ಬರ್ಲಿಲ್ಲ. ನಮ್ಮ ಮಾವನಿಗೂ ಕಿವಿ ತೊಂದ್ರೆ ಇತ್ತು, ಒಂದೇ ಸೆಟ್ಟಲ್ಲಿ ಇಬ್ರಿಗೂ ಆಗುತ್ತಲ್ಲ ಅಂತ ಚೀಟಿ ದುಡ್ಡು ಎತ್ತಿ ತಗೊಂಡ್ವಿ.

ಇದರ ಮೂಲ ಏನು ಅಂತ ನಾನು ಆಮೇಲೆ ಓದ್ಕೊಂಡಿದ್ದು. ಆಲ್ಫ್ರೆಡ್ ಟೊಮಾಟಿಸ್ ಅಂತ ಫ್ರಾನ್ಸಲ್ಲಿ ಒಬ್ರು ಇಎನ್‌ಟಿ ಡಾಕ್ಟ್ರು ಇದ್ರು (1920-2001), ಅವರಪ್ಪ ಆಪೆರಾ ಗಾಯಕ. ಕಿವಿಗೆ ಕೇಳ್ಸದೆ ಇರೋ ಸ್ವರ ಬಾಯಲ್ಲೂ ಬರಲ್ಲ, ಕಿವಿ ಸರಿ ಮಾಡಿದ್ರೆ ಗಂಟಲೂ ಸರಿಯಾಗುತ್ತೆ ಅನ್ನೋದು ಅವರ ವಾದ. ಮೊಟ್ಸಾರ್ಟ್ ಸಂಗೀತಾನ ಫಿಲ್ಟರ್ ಮಾಡಿ, ಒಂದ್ಸಲ ದಪ್ಪ ಸ್ವರ ಜಾಸ್ತಿ ಒಂದ್ಸಲ ಕೀರಲು ಸ್ವರ ಜಾಸ್ತಿ ಹೀಗೆ ಬದಲಾಯಿಸ್ತಾ ಕೇಳಿಸೋ ಮಷೀನ್ ಮಾಡಿದ್ರು, ಅದು ಕಿವಿಯೊಳಗಿನ ಸಣ್ಣ ಸ್ನಾಯುಗಳಿಗೂ ಮೆದುಳಿಗೂ ವ್ಯಾಯಾಮ ಅಂತ. ಗೀ ಬೆರಾರ್ ಅನ್ನೋ ಇನ್ನೊಬ್ಬ ಫ್ರೆಂಚ್ ಡಾಕ್ಟ್ರದ್ದು ಹತ್ತು ದಿನದ ಕೋರ್ಸು, ದಿನಕ್ಕೆರಡು ಸಲ ಅರ್ಧರ್ಧ ಗಂಟೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಆಟಿಸಂ ಇರೋವ್ರ ಮೇಲೆ ಮಾಡಿದ ಏಳು ಪ್ರಯೋಗಗಳನ್ನ ಒಟ್ಟಿಗೆ ಇಟ್ಟು 2011ರಲ್ಲಿ ಕಾಕ್ರೇನ್‌ನವ್ರು (ಚಿಕಿತ್ಸೆಗಳ ಪುರಾವೆನ ಒರೆಗೆ ಹಚ್ಚೋ ಅಂತರರಾಷ್ಟ್ರೀಯ ಸಂಸ್ಥೆ) ನೋಡಿದಾಗ, ಇದನ್ನ ಬಳಸಿ ಅಂತ ಹೇಳೋವಷ್ಟು ಪುರಾವೆ ಸಿಗ್ಲಿಲ್ಲ. ನನ್ ಮಗನಿಗೆ ಆಟಿಸಂ ಇಲ್ಲ, ಸರಿ, ಆದ್ರೆ ಸೆಂಟರಲ್ಲಿ ನಮ್ ಪಕ್ಕ ಕೂತಿದ್ದ ಇಬ್ರು ತಾಯಂದಿರ ಮಕ್ಕಳಿಗೆ ಇತ್ತು, ಅವ್ರಿಗೂ ಇದೇ ಮಾತು ಹೇಳಿ ಇದೇ ಸೆಟ್ ಕೊಟ್ರು.

ಐದು ತಿಂಗಳು ಒಂದು ದಿನಾನೂ ತಪ್ಪಿಸ್ದೆ ಕೇಳಿಸ್ದೆ. ಮಗ ತಣ್ಣಗಾದ ಅನ್ನೋದು ನಿಜ, ಹಠ ಕಮ್ಮಿ ಆಯ್ತು, ಹೋಂವರ್ಕಿಗೆ ಕೂರ್ತಿದ್ದ. ಆ ಅರ್ಧ ಗಂಟೆ ಟಿವಿ ಆಫ್, ನನ್ ಫೋನು ಪಕ್ಕಕ್ಕೆ, ಇಬ್ರೂ ಚಾಪೆ ಮೇಲೆ ಕೂತು ಚಿತ್ರಕ್ಕೆ ಬಣ್ಣ ಹಚ್ತಿದ್ವಿ, ಅವ್ನು ತಣ್ಣಗಾಗಿದ್ದಕ್ಕೆ ಹಾಡಿಗಿಂತ ಅದೇ ಕಾರಣ ಅಂತ ಈಗ ನಂಗನ್ಸುತ್ತೆ. ಉಕ್ತಲೇಖನ ಮಾತ್ರ ಎಲ್ಲಿತ್ತೋ ಅಲ್ಲೇ, ಹಲ್ಲಿ ಹಲ್ಲಿಯಾಗೇ ಉಳೀತು.

ಒಂದಿನ ಪಕ್ಕದ್ಮನೆ ಅಂಗನವಾಡಿ ಟೀಚರ್ರು "ಅಕ್ಕಾ, ಕಿವಿ ಟೆಸ್ಟ್ ಮಾಡ್ಸಿದೀರಾ?" ಅಂತ ಕೇಳಿದ್ರು. ಮಾಡ್ಸಿರ್ಲಿಲ್ಲ! 46 ಸಾವಿರ ತಗೊಂಡ ಸೆಂಟರಲ್ಲಿ ಒಬ್ರೂ ಆಡಿಯೋಗ್ರಾಂ, ಅಂದ್ರೆ ಕಿವಿ ಟೆಸ್ಟಿನ ರಿಪೋರ್ಟು, ಇದ್ಯಾ ಅಂತ ಕೇಳಿರ್ಲಿಲ್ಲ, ನಮಗೂ ಹೊಳೆದಿರ್ಲಿಲ್ಲ. ಆ ವಾರಾನೇ ಬೆಳಗಿನ ಟ್ರೇನಿಗೆ ಮೈಸೂರಿಗೆ ಹೋದ್ವಿ, ಮಾನಸಗಂಗೋತ್ರಿಲಿರೋ ವಾಕ್ ಶ್ರವಣ ಸಂಸ್ಥೆಗೆ, 1965ರಿಂದ ಇರೋ ಸರ್ಕಾರಿ ಸಂಸ್ಥೆ, ಮೈಸೂರಲ್ಲಿ ಎಲ್ಲ ಆಯಿಶ್ ಅಂತಾರೆ. ಸದ್ದು ಬರದ ರೂಮಲ್ಲಿ ಕೂರಿಸಿ ಬೀಪ್ ಕೇಳಿದ್ರೆ ಬಟನ್ ಒತ್ತು ಅನ್ನೋ ಟೆಸ್ಟು ಪೂರ್ತಿ ನಾರ್ಮಲ್, ಕಿವಿ ತಮಟೆ ಟೆಸ್ಟೂ ನಾರ್ಮಲ್. ಆಮೇಲೆ ಗದ್ದಲದ ಹಿಂದೆ ಕನ್ನಡ ಪದ ಹೇಳಿ ವಾಪಸ್ ಹೇಳು ಅಂದ್ರು, ಎಡಗಿವಿಗೆ ಒಂದು ಅಕ್ಷರ ಬಲಗಿವಿಗೆ ಇನ್ನೊಂದು ಅಕ್ಷರ ಒಟ್ಟಿಗೆ ಬಿಟ್ಟು ಎರಡೂ ಹೇಳು ಅಂದ್ರು. ಅಲ್ಲಿ ಸಿಕ್ಕಿಬಿದ್ದ. ಗಾಜಿನ ಈಚೆ ಕೂತು ನೋಡ್ತಿದ್ದೆ, ಬಲಗಿವಿದು ಹೇಳ್ತಾನೆ, ಎಡಗಿವಿದು ಬಾಯಿಗೆ ಬರೋದೇ ಇಲ್ಲ, ಕಣ್ಣು ಅಗಲ ಮಾಡ್ಕೊಂಡು ನನ್ ಮುಖ ನೋಡ್ತಾನೆ. ಕಿವಿ ಚೆನ್ನಾಗಿದೆ, ಕೇಳಿದ್ದನ್ನ ಮೆದುಳು ಬಿಡಿಸ್ಕೊಳ್ಳೋದ್ರಲ್ಲಿ ತೊಡಕಿದೆ, ಇದಕ್ಕೆ ಆಡಿಟರಿ ಪ್ರೊಸೆಸಿಂಗ್ ಡಿಸಾರ್ಡರ್ ಅಂತಾರೆ ಅಂದ್ರು ಮೇಡಂ. ಸಾಮಾನ್ಯವಾಗಿ ಏಳು ವರ್ಷ ತುಂಬೋಕೆ ಮುಂಚೆ ಇದನ್ನ ಗಟ್ಟಿಯಾಗಿ ಹೇಳಕ್ಕಾಗಲ್ಲ, ಸಣ್ಣ ಮಕ್ಕಳಲ್ಲಿ ಆ ದಾರಿ ಇನ್ನೂ ಬೆಳೀತಾ ಇರುತ್ತಂತೆ.

ಅವ್ರು ಕೊಟ್ಟಿದ್ದೂ ಸದ್ದಿನ ತರಬೇತಿನೇ, ಆದ್ರೆ ಸುಮ್ನೆ ಕೇಳಿಸ್ಕೊಂಡು ಕೂರೋದಲ್ಲ, ಮಗು ಪ್ರತಿ ಸಲ ಉತ್ತರ ಕೊಡ್ಬೇಕು. ಮೊದ್ಲು ಸದ್ದಿಲ್ದೆ ಪದ, ಆಮೇಲೆ ಫ್ಯಾನ್ ಸದ್ದಲ್ಲಿ, ಆಮೇಲೆ ಜನ ಮಾತಾಡ್ತಿರೋ ರೆಕಾರ್ಡಿಂಗ್ ಸಣ್ಣಗೆ ಇಟ್ಟು, ಸರಿ ಹೇಳ್ತಾ ಹೋದ ಹಾಗೆ ಗದ್ದಲ ಸ್ವಲ್ಪ ಸ್ವಲ್ಪ ಏರಿಸೋದು. ಎರಡು ಕಿವಿದಕ್ಕೆ ಮೊದ್ಲು ಅರ್ಧ ಸೆಕೆಂಡ್ ಅಂತರ ಕೊಟ್ಟು, ಕಮ್ಮಿ ಮಾಡ್ತಾ ಮಾಡ್ತಾ ಒಟ್ಟಿಗೇ ಬಿಡೋದು. ಮನೇಲಿ ನಾನು ಅಡುಗೆಮನೆನೇ ಕ್ಲಾಸ್ ಮಾಡ್ಕೊಂಡೆ, ಚಟ್ನಿಗೆ ಮಿಕ್ಸಿ ಹಾಕಿ, ಬಾಯಿಗೆ ಸೆರಗು ಅಡ್ಡ ಹಿಡ್ಕೊಂಡು, "ಹಲ್ಲಿ, ಹಳ್ಳಿ, ಯಾವ್ದು ಹೇಳ್ದೆ ಹೇಳು ಕಂದ?" ಬಾಯಿ ಮುಚ್ಚದೆ ಇದ್ರೆ ತುಟಿ ನೋಡಿ ಹೇಳ್ಬಿಡ್ತಾನೆ, ಅಷ್ಟು ಚುರುಕು. ಮೂರು ತಿಂಗಳು ಏನೂ ಕಾಣ್ಲಿಲ್ಲ, ನಾಲ್ಕನೇ ತಿಂಗಳು ಉಕ್ತಲೇಖನದಲ್ಲಿ ಹತ್ತಕ್ಕೆ ಆರು. ಸ್ಕೂಲಿಗೆ ಪತ್ರ ಕೊಟ್ಟು ಮುಂದಿನ ಬೆಂಚಲ್ಲಿ, ಕಿಟಕಿ ಫ್ಯಾನ್ ಎರಡೂ ದೂರ ಇರೋ ಜಾಗದಲ್ಲಿ ಕೂರಿಸಿದ್ವಿ, ಅದಕ್ಕೆ ಒಂದ್ ರೂಪಾಯಿ ಖರ್ಚಾಗ್ಲಿಲ್ಲ. ಓದೋದಕ್ಕೆ ಬೇರೆ ಪಾಠ ಬೇಕೇ ಬೇಕಾಯ್ತು, ಒತ್ತಕ್ಷರ ಇವತ್ತಿಗೂ ತಡವರಿಸ್ತಾನೆ.

ಮಾವನ ವಿಷಯ. ಮೂವತ್ತು ವರ್ಷ ಅಕ್ಕಿ ಮಿಲ್ಲಲ್ಲಿ ದುಡಿದವ್ರು, ಎರಡೂ ಕಿವಿ ಮಂದ, ರಾತ್ರಿಯಾದ್ರೆ "ಕಿವಿಯೊಳ್ಗೆ ಜೀರುಂಡೆ ಕೂಗ್ತದೆ ಕಣವ್ವ, ನಿದ್ದೆ ಹತ್ತಲ್ಲ" ಅನ್ನೋರು. ಈ ಹಾಡು ಕೇಳಿದ್ರೆ ಸತ್ತ ನರಕ್ಕೆ ಜೀವ ಬರುತ್ತೆ ಅಂತ ಸೆಂಟರಲ್ಲಿ ಹೇಳಿದ್ರು. ಶುದ್ಧ ಸುಳ್ಳು. ಜೋರು ಸದ್ದಿಂದ ಒಳಗಿವಿಯ ಕೂದಲಿನಂಥ ಕೋಶಗಳು ಒಂದ್ಸಲ ಹೋದ್ರೆ ಮನುಷ್ಯರಲ್ಲಿ ಮತ್ತೆ ಬರಲ್ಲ. ಮೈಸೂರಲ್ಲೇ ಅವ್ರಿಗೆ ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕ್ಸಿದ್ವಿ, ಹೊರಗಿನ ಸದ್ದು ಸರಿಯಾಗಿ ಒಳಗೆ ಹೋಗೋಕೆ ಶುರುವಾದ್ಮೇಲೆ ಹಗಲೊತ್ತು ಜೀರುಂಡೆ ಅಷ್ಟು ಗಮನಕ್ಕೆ ಬರ್ತಿಲ್ಲ. ರಾತ್ರಿ ಏಡ್ ತೆಗೆದ್ಮೇಲೆ ತಲೆದಿಂಬಿನ ಹತ್ರ ಸಣ್ಣ ಸ್ಪೀಕರಲ್ಲಿ ಮಳೆ ಸದ್ದು, ಜೀರುಂಡೆ ಪೂರ್ತಿ ಮುಚ್ಚಿಹೋಗೋ ಹಾಗಲ್ಲ, ಅದಕ್ಕಿಂತ ಒಂಚೂರು ಕಮ್ಮಿ, ಎರಡೂ ಕೇಳ್ತಿರ್ಬೇಕು. ಆಗ ಮೆದುಳು ಅದನ್ನ ಬಿಟ್ಟು ಬಿಡೋದು ಕಲಿಯುತ್ತಂತೆ. ಸದ್ದು ನಿಂತಿಲ್ಲ, ನಿದ್ದೆ ಬರುತ್ತೆ. ಇವ್ರಿಗೆ ಸೌಂಡ್ ಥೆರಪಿ ನಿಜವಾಗ್ಲೂ ಕೆಲಸ ಮಾಡ್ತು, ನೂರೈವತ್ತು ರೂಪಾಯಿ ಸ್ಪೀಕರಲ್ಲಿ.

ಸೆಟ್ ಬಗ್ಗೆನೇ ಹೇಳ್ಬೇಕಂದ್ರೆ, ಆಡಿಯೋ ಕ್ವಾಲಿಟಿ ಒಳ್ಳೇದು. ಕಿವಿ ಮೇಲಿನ ಸ್ಪಂಜು ಒಂದೂವರೆ ವರ್ಷಕ್ಕೆ ಸಿಪ್ಪೆ ಥರ ಕಿತ್ಕೊಂಡು ಬಂತು, ಫೋನ್ ಮಾಡಿದ್ರೆ ಬೇರೆ ಕೊಡಲ್ಲ, ಹೊಸ ಸೆಟ್ಟೇ ತಗೊಳ್ಳಿ ಅಂದ್ರು. ಬ್ಯಾಟರಿ ಈಗ ಇಪ್ಪತ್ತು ನಿಮಿಷ. ನೆತ್ತಿ ವೈಬ್ರೇಟರ್ ಬೇಸಿಗೆಲಿ ಬೆವರಿಗೆ ತುರಿಕೆ. ಇದೇ ಥರದ್ದು ನಿಮ್ಮನೇಲಿದ್ರೆ ವಾಲ್ಯೂಮ್ ಮಕ್ಕಳ ಕೈಗೆ ಕೊಡ್ಬೇಡಿ, ಮಕ್ಕಳಿಗೆ 75 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ, ಅದೇ ಮಿತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಜೋರಾದಷ್ಟೂ ಗಂಟೆ ಕಮ್ಮಿ ಆಗುತ್ತೆ.

ಐದಕ್ಕೆ ಎರಡು ಕೊಡ್ತೀನಿ, ಆ ಎರಡೂ ಚಾಪೆ ಮೇಲೆ ಕೂತ ಅರ್ಧ ಗಂಟೆಗೆ. ಮಗ ಈಗ ಐದನೇ ಕ್ಲಾಸು, ಮುಂದಿನ ರಿವ್ಯೂ ಜೂನಲ್ಲಿ, ಎಡಗಿವಿ ಮಾರ್ಕ್ಸ್ ಎಷ್ಟಾಯ್ತು ಅಂತ ಹೋಗಿ ಬಂದ್ಮೇಲೆ ಇಲ್ಲೇ ಸೇರಿಸ್ತೀನಿ.