ಗ್ರನಾಡಾದಲ್ಲಿ ಮರದ ಡಬ್ಬಿ ಕೊಳ್ಳುವವರು ಮೊದಲು ಅಂಚು ನೋಡಿ

ಸ್ಪೇನ್‌ನ ಗ್ರನಾಡಾಕ್ಕೆ ಹೋಗುವ ಯೋಚನೆ ಇದ್ದವರು ಇದನ್ನೊಮ್ಮೆ ಓದಿಕೊಂಡು ಹೋಗಿ. ಬೆಟ್ಟದ ಮೇಲಿನ ಅಲ್‌ಹಂಬ್ರಾ ಅರಮನೆ ನೋಡಿ ಕೆಳಗಿಳಿದ ಮೇಲೆ ಎಲ್ಲರೂ ಬಂದು ಸೇರುವುದು ಊರಿನ ದೊಡ್ಡ ಚರ್ಚಿನ ಪಕ್ಕದ ಸಣ್ಣ ಗಲ್ಲಿಗಳಿಗೆ. ಆ ಜಾಗದ ಹೆಸರು ಅಲ್ಕೈಸೆರಿಯಾ. ಅಲ್ಲಿ 'ಕೈಕೆಲಸ, ಇದೇ ಊರಿನದು' ಎಂದು ಮಾರುವ ಚಿತ್ತಾರದ ಮರದ ಡಬ್ಬಿಗಳಲ್ಲಿ ಕೆಲವು ಮರದ ಚಿತ್ತಾರವೇ ಅಲ್ಲ. ಹಲಗೆಯ ಮೇಲೆ ಅಂಟಿಸಿದ ಪ್ರಿಂಟು. ಅಂಥ ಒಂದಕ್ಕೆ ನಾವು 85 ಯೂರೊ ಕೊಟ್ಟೆವು. ನಮ್ಮ ಲೆಕ್ಕದಲ್ಲಿ ಎಂಟು ಸಾವಿರ ರೂಪಾಯಿಗೂ ಮೇಲೆ.

ಮೊದಲು ಅಸಲಿ ಏನು ಅಂತ ಹೇಳುತ್ತೇನೆ. ಈ ಕೆಲಸಕ್ಕೆ ಅಲ್ಲಿ ತರಸೆಯಾ ಅನ್ನುತ್ತಾರೆ. ಬೇರೆ ಬೇರೆ ಬಣ್ಣದ ಮರ, ಮೂಳೆ, ಚಿಪ್ಪು, ಕೆಲವೊಮ್ಮೆ ಲೋಹದ ಎಳೆ, ಇವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಕತ್ತರಿಸಿ ನಕ್ಷತ್ರ, ಷಟ್ಕೋನ, ಜಾಲರಿ ಆಗುವ ಹಾಗೆ ಜೋಡಿಸುತ್ತಾರೆ. ಪುಟ್ಟ ಪುಟ್ಟ ನಕ್ಷತ್ರಗಳನ್ನು ಒಂದೊಂದಾಗಿ ಕೂಡಿಸುತ್ತಾ ಕೂತರೆ ಮುಗಿಯುವುದಿಲ್ಲ. ಅದಕ್ಕೇ ಬಣ್ಣ ಬಣ್ಣದ ಸಣ್ಣ ಕಡ್ಡಿಗಳನ್ನು ಸೇರಿಸಿ ಅಂಟು ಹಾಕಿ ಒಂದು ಕಟ್ಟು ಮಾಡುತ್ತಾರೆ. ಆಮೇಲೆ ಆ ಕಟ್ಟನ್ನು ಅಡ್ಡಡ್ಡ ತೆಳ್ಳಗೆ ಕೊಯ್ಯುತ್ತಾರೆ. ಪತ್ರೊಡೆ ಸುರುಳಿ ಕೊಯ್ದರೆ ಪ್ರತಿ ಬಿಲ್ಲೆಯಲ್ಲೂ ಅದೇ ಸುತ್ತು ಕಾಣುತ್ತದಲ್ಲ, ಹಾಗೆ ಪ್ರತಿ ಹೋಳಿನಲ್ಲೂ ಅದೇ ನಕ್ಷತ್ರ. ಆ ಹೋಳುಗಳನ್ನು ಡಬ್ಬಿಯ ಮೈಮೇಲೆ ಕೂರಿಸಿ, ಉಜ್ಜಿ, ಅರಗಿನ ಪಾಲಿಶ್ ಕೊಡುತ್ತಾರೆ. ಈಜಿಪ್ಟ್, ಸಿರಿಯಾ ಕಡೆಯೂ ಇದಕ್ಕೆ ನೆಂಟಸ್ತನ ಇರುವ ಕೆಲಸ ನಡೆಯುತ್ತದೆ. ಗ್ರನಾಡಾದಲ್ಲಿ ಮುಸ್ಲಿಂ ದೊರೆಗಳ ಆಳ್ವಿಕೆ 1492ರಲ್ಲಿ ಮುಗಿದರೂ ಈ ಕಸುಬು ಅಲ್ಲೇ ಉಳಿದುಕೊಂಡಿತು.

ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸ ನೋಡಿದವರಿಗೆ ಇದು ನೋಡಿದ ಕೂಡಲೇ ಹಿಡಿಸುತ್ತದೆ. ನಮ್ಮಲ್ಲಿ ಆನೆ, ದಸರಾ ಮೆರವಣಿಗೆ, ಹಳ್ಳಿಯ ನೋಟ. ಅಲ್ಲಿ ಬರೀ ರೇಖಾಗಣಿತ. ನಮ್ಮೆಜಮಾನರ ದೊಡ್ಡಪ್ಪ ಇರುವುದು ಮೈಸೂರಿನ ಮಂಡಿ ಮೊಹಲ್ಲಾದ ಹತ್ತಿರ. ಇನ್‌ಲೇ ಮಾಡುವವರ ಒಡನಾಟದಲ್ಲೇ ಬೆಳೆದವರು. ಅವರಿಗೆ ಅಂತಲೇ ಆ ಡಬ್ಬಿ ತೆಗೆದುಕೊಂಡದ್ದು.

ಅಂಗಡಿ ನೋಡಿದರೆ ಅನುಮಾನ ಬರುವ ಹಾಗಿರಲಿಲ್ಲ. ಬಾಗಿಲ ಹತ್ತಿರ ಹಳೇ ಗರಗಸ, ಉಜ್ಜುಗೊರಡು ಜೋಡಿಸಿಟ್ಟಿದ್ದರು. ಗೋಡೆಯ ಮೇಲೆ ಕಪ್ಪು ಬಿಳುಪು ಫೋಟೊದಲ್ಲಿ ಒಬ್ಬ ಮುದುಕ ಕೆಲಸ ಮಾಡುತ್ತಾ ಕೂತಿದ್ದ. ಮಾರುವವನು 'ನಮ್ಮ ತಾತನ ಕಾಲದಿಂದ' ಅಂದ. ಫೋಟೊದಲ್ಲಿರುವುದು ತಾತನೇ ಅಂತ ಅವನೇನೂ ಹೇಳಲಿಲ್ಲ, ನಾವೇ ಅಂದುಕೊಳ್ಳಲಿ ಅಂತ ಬಿಟ್ಟ. ಈಗ ಯೋಚಿಸಿದರೆ ಆ ಅಂಗಡಿಯ ಮಾತೆಲ್ಲ ಹೀಗೇ ಇತ್ತು. 'ಗ್ರನಾಡಾದ ಕಲೆ', 'ಸಾವಿರ ವರ್ಷದ ಸಂಪ್ರದಾಯ', 'ನೋಡಿ ಎಷ್ಟು ಸೂಕ್ಷ್ಮ'. ಇದನ್ನು ಯಾರು ಮಾಡಿದರು, ಎಲ್ಲಿ ಮಾಡಿದರು ಅಂತ ನನ್ನವರು ಕೇಳಿದಾಗ 'ಕೈಕೆಲಸ, ಇಲ್ಲೇ' ಅಂತ ಬಾಯಲ್ಲಿ ಹೇಳಿದ. 120 ಅಂದದ್ದು ನಾವು ಹಿಂದೆ ಮುಂದೆ ನೋಡುತ್ತಿದ್ದ ಹಾಗೆ 85ಕ್ಕೆ ಇಳಿಯಿತು. ಬಿಲ್ಲಿನಲ್ಲಿ ಉಡುಗೊರೆ ಸಾಮಾನು ಅನ್ನುವ ಒಂದು ಪದ, ಪಕ್ಕದಲ್ಲಿ ಮೊತ್ತ. ಅಷ್ಟೇ.

ರಾತ್ರಿ ದೊಡ್ಡಪ್ಪನಿಗೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದೆ. ಹೊಗಳುತ್ತಾರೆ ಅಂತ ಕಾಯುತ್ತಿದ್ದರೆ ಅವರು ಕೇಳಿದ್ದೇ ಬೇರೆ. 'ಚೆನ್ನಾಗಿದೆ ಕಣಮ್ಮ. ಅಂಚಿನ ಫೋಟೊ ಒಂದು ಕಳಿಸು. ಮುಚ್ಚಳ ತೆಗೆದು ಪಕ್ಕದಿಂದ ತೆಗಿ.' ತೆಗೆಯಲು ಹೋದಾಗಲೇ ನಮಗೂ ಕಂಡಿತು. ಚಿತ್ತಾರ ಮುಚ್ಚಳದ ಮೇಲಿಂದ ಮೂಲೆ ದಾಟಿ ಬಟ್ಟೆ ಮಡಚಿದ ಹಾಗೆ ಪಕ್ಕಕ್ಕೆ ಇಳಿದಿತ್ತು. ಮರದ ತುಂಡು ಮೂಲೆಯಲ್ಲಿ ಹಾಗೆ ಬಾಗುವುದಿಲ್ಲ. ಉಗುರು ಹಾಕಿದರೆ ತೆಳ್ಳನೆಯ ಹಾಳೆ ಎದ್ದು ಬಂತು. ಕೆಳಗೆ ಮರದ ಪುಡಿ ಒತ್ತಿ ಮಾಡಿದ ಕಂದು ಬಣ್ಣದ ಎಂಡಿಎಫ್ ಹಲಗೆ. ಫೋನಿನ ಕ್ಯಾಮೆರಾವನ್ನು ತೀರಾ ಹತ್ತಿರ ಹಿಡಿದು ದೊಡ್ಡದು ಮಾಡಿದಾಗ ನಕ್ಷತ್ರದ ಒಳಗೆ ಪ್ರಿಂಟಿನ ಚುಕ್ಕಿಗಳು ಕಂಡವು. ಮರವಾಗಿದ್ದರೆ ಎಳೆ ಕಾಣಬೇಕಿತ್ತು. 'ಕೂಡಿಸಿದ್ದಲ್ಲ, ಅಂಟಿಸಿದ್ದು' ಅಂತ ದೊಡ್ಡಪ್ಪ ಅಲ್ಲಿಂದಲೇ ತೀರ್ಪು ಕೊಟ್ಟರು.

ಮಾರನೇ ದಿನ ಅಂಗಡಿಗೆ ಹೋದೆವು. ಆ ಹುಡುಗ ಇರಲಿಲ್ಲ, ಇನ್ನೊಬ್ಬ ಹಿರಿಯರಿದ್ದರು. ದನಿ ಏರಿಸಲಿಲ್ಲ. 'ಸ್ಪ್ಯಾನಿಷ್ ಡಿಸೈನ್ ಅಂತ ತಳದಲ್ಲಿ ಬರೆದಿದೆ ನೋಡಿ' ಅಂದರು. ಹೌದು, ಸಣ್ಣ ಚೀಟಿಯಲ್ಲಿ ಬರೆದಿತ್ತು. ಡಿಸೈನ್ ಮಾತ್ರ ಸ್ಪೇನಿನದು. 'ಕೈಕೆಲಸ ಅಂದಿದ್ದರಲ್ಲ' ಅಂದರೆ 'ಬಿಲ್ಲಿನಲ್ಲಿ ತೋರಿಸಿ' ಅಂದರು. ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವ ಬೋರ್ಡು ಗಲ್ಲಾದ ಹಿಂದೆ ತೂಗುತ್ತಿತ್ತು. ಸ್ಪೇನಿನಲ್ಲಿ ಆನ್‌ಲೈನ್ ಖರೀದಿಗೆ 14 ದಿನದ ಒಳಗೆ ಸುಮ್ನೆ ಹಿಂತಿರುಗಿಸುವ ಹಕ್ಕಿದೆ. ಅಂಗಡಿಗೆ ಹೋಗಿ ಕೊಂಡದ್ದಕ್ಕೆ, ಮಾಲಿನಲ್ಲಿ ದೋಷ ಇಲ್ಲದಿದ್ದರೆ, ಆ ಹಕ್ಕಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತು.

ಆಗ ನಾವು 'ಓಹಾ ದೆ ರೆಕ್ಲಾಮಸಿಯೊನೆಸ್ ಕೊಡಿ' ಅಂದೆವು. ಇದೊಂದು ಮಾತು ನೆನಪಿಟ್ಟುಕೊಳ್ಳಿ. ದೂರಿನ ನಮೂನೆ ಅದು. ಗ್ರನಾಡಾ ಇರುವ ಆಂದಲೂಸಿಯಾದಲ್ಲಿ ಪ್ರತಿ ಅಂಗಡಿ, ಹೋಟೆಲು ಇದನ್ನು ಇಟ್ಟಿರಲೇಬೇಕು, ಇದೆ ಅಂತ ಬೋರ್ಡನ್ನೂ ಹಾಕಿರಬೇಕು, ಕೇಳಿದವರಿಗೆ ಪುಕ್ಕಟೆ ಕೊಡಬೇಕು. ಆ ಹೆಸರು ಎತ್ತಿದ ಕೂಡಲೇ ಮಾತಿನ ವರಸೆ ಬದಲಾಯಿತು. ಹಣ ಬೇಡ, ಅದೇ ಬೆಲೆಗೆ ಬೇರೆ ಏನಾದರೂ ಆರಿಸಿಕೊಳ್ಳಿ ಅಂದರು. ಆ ಅಂಗಡಿಯಲ್ಲಿ 85 ಯೂರೊಗೆ ಫ್ರಿಜ್ ಮ್ಯಾಗ್ನೆಟ್ ಬಿಟ್ಟರೆ ನಂಬಿ ಕೊಳ್ಳುವಂಥದ್ದು ಏನೂ ಕಾಣಲಿಲ್ಲ. ಇಂಗ್ಲಿಷ್‌ನಲ್ಲೇ ದೂರು ತುಂಬಿ ನಮ್ಮ ಪ್ರತಿ ತೆಗೆದುಕೊಂಡು ಬಂದೆವು. ಊರಿಗೆ ಬಂದ ಮೇಲೆ ಉತ್ತರ ಬಂತು: ಬಿಲ್ಲಿನಲ್ಲಿ ಇರುವುದಕ್ಕೂ ಮಾರಿದ ವಸ್ತುವಿಗೂ ವ್ಯತ್ಯಾಸ ಇಲ್ಲ. ಹಣ ಬರಲಿಲ್ಲ.

ಇದು ಹೇಗೆ ನಡೆಯುತ್ತದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಯುರೋಪಿಯನ್ ಒಕ್ಕೂಟದಲ್ಲಿ ಇಂಥ ಸಾಮಾನುಗಳ ಮೇಲೆ ಯಾವ ದೇಶದಲ್ಲಿ ತಯಾರಾಯಿತು ಅಂತ ಬರೆಯಲೇಬೇಕೆಂಬ ನಿಯಮ ಇಲ್ಲ. ಕೆಲವು ಸಾಮಾನಿನ ಮೇಲೆ ಸಿಇ ಅನ್ನುವ ಗುರುತು ಇರುತ್ತದೆ. ಅದು ಸುರಕ್ಷತೆಗೆ ಸಂಬಂಧಪಟ್ಟದ್ದು, ಊರಿಗೆ ಅಲ್ಲ. 'ದಿಸೆನ್ಯೊ' ಅಂದರೆ ಡಿಸೈನ್, 'ಇಂಪೊರ್ತಾದೊ ಪೊರ್' ಅಂದರೆ ತರಿಸಿಕೊಂಡವರ ಹೆಸರು. 'ಫಾಬ್ರಿಕಾದೊ ಎನ್' ಅಥವಾ 'ಎಚೊ ಎನ್' ಅಂತ ಬರೆದು ಮುಂದೆ ಜಾಗದ ಹೆಸರಿದ್ದರೆ ಮಾತ್ರ ಆ ಜಾಗದಲ್ಲಿ ಮಾಡಿದ್ದು ಎಂದರ್ಥ. ನಮ್ಮ ಮೈಸೂರು ಇನ್‌ಲೇಗೆ, ಊರಿನ ಹೆಸರನ್ನು ಬೇರೆಯವರು ಬಳಸದ ಹಾಗೆ ಕಾಯುವ ಜಿಐ ಟ್ಯಾಗ್ ಸಿಕ್ಕಿ ಎಷ್ಟೋ ವರ್ಷವಾಯಿತು. ಯುರೋಪಿನಲ್ಲಿ ವೈನ್, ಚೀಸ್‌ಗೆ ಅಂಥ ರಕ್ಷಣೆ ಹಿಂದಿನಿಂದ ಇದೆ, ಕೈಕಸುಬಿಗೆ ಇಡೀ ಒಕ್ಕೂಟದ ಮಟ್ಟದಲ್ಲಿ ಬಾಗಿಲು ತೆರೆದದ್ದು 2025ರ ಡಿಸೆಂಬರ್‌ನಲ್ಲಿ. ಈ ವಿಷಯದಲ್ಲಿ ನಾವೇ ಮುಂದೆ.

ಇನ್ನು ಆ ಅಲ್ಕೈಸೆರಿಯಾ ಗಲ್ಲಿ. ಸುಲ್ತಾನರ ಕಾಲದ ರೇಷ್ಮೆ ಪೇಟೆ ಅಂತ ಹೇಳಿಯೇ ಒಳಗೆ ಕರೆಯುತ್ತಾರೆ. ಪೇಟೆ ಇದ್ದದ್ದು ನಿಜ. ಆದರೆ 1843ರಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಈಗ ಕಾಣುವ ಕಮಾನು, ಕಂಬ ಎಲ್ಲ ಆಮೇಲೆ ಹಳೇ ಶೈಲಿಯಲ್ಲಿ, ಮೊದಲಿಗಿಂತ ಚಿಕ್ಕದಾಗಿ ಕಟ್ಟಿದ್ದು. ಓಡಾಡಲು ಚೆಂದ, ಫೋಟೊಗೂ ಚೆಂದ. ಜಾಗ ಹಳೇದು ಅಂತ ಮಾಲೂ ಅಲ್ಲಿಯದೇ ಆಗಬೇಕಿಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಕಾಲ್ದೆರೆರಿಯಾ ನ್ವೇವಾ ಅನ್ನುವ ಏರುಬೀದಿ ಇದೆ, ಟೀ ಅಂಗಡಿಗಳ ಬೀದಿ. ಚರ್ಮದ ಚೀಲ, ದೀಪಗಳು ಮೊರಾಕೊ ಕಡೆಯವು, ಅದನ್ನು ಕೇಳಿದರೆ ಹೇಳುತ್ತಾರೆ. ನನಗೆ ನಗು ಬಂದದ್ದು ಬಟ್ಟೆ ನೋಡಿ. ಬ್ಲಾಕ್ ಪ್ರಿಂಟಿನ ಕಾಟನ್ ಪ್ಯಾಂಟು, ಕನ್ನಡಿ ಕೂರಿಸಿದ ಜೋಳಿಗೆ. ಒಳಗಿನ ಲೇಬಲ್ ತಿರುಗಿಸಿದರೆ ಮೇಡ್ ಇನ್ ಇಂಡಿಯಾ. ಪಕ್ಕದಲ್ಲೇ ನಮ್ಮ ಊದುಬತ್ತಿ. ಗಾಂಧಿ ಬಜಾರಿನಲ್ಲಿ ಸಿಗುವುದನ್ನು ಅಲ್ಲಿಂದ ಹೊತ್ತು ತರಬೇಡಿ.

ಕೇಸರಿಯ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಚರ್ಚಿನ ಸುತ್ತ ಮಸಾಲೆ, ಗಿಡಮೂಲಿಕೆ ಮಾರುವ ತಳ್ಳುಗಾಡಿಗಳಿವೆ. ಕೆಂಪು ಎಸಳಿನ ಗುಡ್ಡೆ, ದೊಡ್ಡ ಪೊಟ್ಟಣ, ಸಣ್ಣ ಬೆಲೆ. ಒಂದು ಗ್ರಾಂ ಕೇಸರಿಗೆ ನೂರೈವತ್ತು ಹೂವಾದರೂ ಬೇಕು, ಅದೂ ಕೈಯಲ್ಲೇ ಬಿಡಿಸಬೇಕು. ಚೀಲಗಟ್ಟಲೆ ಅಗ್ಗಕ್ಕೆ ಎಲ್ಲಿಂದ ಬರಬೇಕು? ಹಾಗೆ ಅಗ್ಗಕ್ಕೆ ಸಿಗುವುದು ಕುಸುಬೆ ಹೂವಿನ ಎಸಳು. ವಿಜಯಪುರ, ಕಲಬುರಗಿ ಕಡೆಯವರಿಗೆ ನೋಡುತ್ತಲೇ ಗೊತ್ತಾಗುತ್ತದೆ, ಬೆಂಗಳೂರಿನವರು ಬೀಳುತ್ತಾರೆ. 'ಕೊಲೊರಾಂತೆ' ಅಂತ ಬರೆದ ಪುಡಿ ಪೊಟ್ಟಣವಾದರೆ ಅದು ಬರೀ ಬಣ್ಣ. ಸ್ಪೇನಿನದೇ ಕೇಸರಿ ಬೇಕಿದ್ದರೆ ಮುಚ್ಚಿದ ಡಬ್ಬಿಯ ಮೇಲೆ 'ಅಸಫ್ರಾನ್ ದೆ ಲಾ ಮಾಂಚಾ' ಅನ್ನುವ ಹೆಸರು, ನಂಬರ್ ಇರುವ ಸೀಲು ನೋಡಿ. ಲಾ ಮಾಂಚಾ ಇರುವುದು ಗ್ರನಾಡಾದಿಂದ ಉತ್ತರಕ್ಕೆ, ಬೇರೆಯೇ ಪ್ರಾಂತ್ಯದಲ್ಲಿ. 'ನಮ್ಮೂರಿನ ಕೇಸರಿ' ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ಬೀಸಣಿಗೆ ಬಗ್ಗೆ ಜಾಸ್ತಿ ಹೇಳುವುದಿಲ್ಲ: ಕೈಯಲ್ಲಿ ಚಿತ್ರ ಬರೆದ ಮರದ ಬೀಸಣಿಗೆ ಮೂರು ಯೂರೊಗೆ ಬರುವುದಿಲ್ಲ.

ಹಾಗಂತ ಬರಿಗೈಯಲ್ಲಿ ಬರಬೇಕಿಲ್ಲ. ಅಲ್‌ಹಂಬ್ರಾದ ಆವರಣದ ಒಳಗೇ ಕಾಯೆ ರೆಯಾಲ್ ಅನ್ನುವ ಬೀದಿಯಿದೆ, ಅಲ್ಲಿ ತರಸೆಯಾ ಮಾಡುವುದನ್ನು ಕಣ್ಣಾರೆ ನೋಡಬಹುದು. ಬೆಲೆ ಕೇಳಿ ಮೊದಲು ಗಾಬರಿ ಆಗುತ್ತದೆ. ಮೇಜು, ಚೆಸ್ ಬೋರ್ಡು ನಮ್ಮಂಥವರಿಗೆ ಅಲ್ಲ. ಅಂಗೈಯಗಲದ ಡಬ್ಬಿ, ಲೋಟದ ಕೆಳಗಿಡುವ ತಟ್ಟೆ ಕೈಗೆಟುಕುತ್ತವೆ. ಅಲ್ಲಿ ನಾನು ನೋಡಿದ ಅಸಲಿ ಡಬ್ಬಿಯಲ್ಲಿ ಚಿತ್ತಾರ ಅಂಚಿಗೆ ಬಂದು ನಿಂತಿತ್ತು, ಮೂಲೆ ಸುತ್ತಿರಲಿಲ್ಲ. ಬೆರಳಾಡಿಸಿದರೆ ಕೂಡಿದ ಗೆರೆ ಅಲ್ಲಲ್ಲಿ ಸಣ್ಣಗೆ ತಾಗುತ್ತಿತ್ತು. ಒಂದೆರಡು ಕಡೆ ತುಂಡುಗಳು ಕೂದಲೆಳೆಯಷ್ಟು ಓರೆಯಾಗಿದ್ದವು. ನಮ್ಮ ನಕಲಿಯಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ.

ಮಣ್ಣಿನ ಪಾತ್ರೆ ಇಷ್ಟಪಡುವವರು ಫಾಹಲೌಸಾ ಕೇಳಿ. ಬಿಳಿಯ ಮೇಲೆ ನೀಲಿ, ಹಸಿರು ಬಣ್ಣದಲ್ಲಿ ದಾಳಿಂಬೆ, ಹಕ್ಕಿ, ಬಳ್ಳಿ. ಊರಿನ ಅಲ್ಬೈಸಿನ್ ಬೆಟ್ಟದ ಒಂದು ಹಳೇ ಕೋಟೆ ಬಾಗಿಲಿನ ಹೆಸರು ಅದು. ಕೈಯಲ್ಲಿ ಬರೆದದ್ದಾದರೆ ಎರಡು ತಟ್ಟೆ ಪಕ್ಕದಲ್ಲಿಟ್ಟಾಗ ದಾಳಿಂಬೆ ಎರಡೂ ಒಂದೇ ಥರ ಇರುವುದಿಲ್ಲ. ಕ್ವೆಸ್ತಾ ದೆ ಗೊಮೆರೆಸ್ ಅನ್ನುವ ಏರಿನಲ್ಲಿ ಗಿಟಾರ್ ಮಾಡುವವರ ಅಂಗಡಿಗಳಿವೆ. ಕೊಳ್ಳದಿದ್ದರೂ ಕಿಟಕಿಯಿಂದ ಇಣುಕಿ.

ಎಲ್ಲೇ ಕೊಂಡರೂ ಕಾರ್ಡ್ ಕೊಡುವ ಮೊದಲು ಒಂದು ಮಾತು ಕೇಳಿ: 'ಬಿಲ್ಲಿನಲ್ಲಿ ತರಸೆಯಾ, ಎಚೊ ಆ ಮಾನೊ ಎನ್ ಗ್ರನಾಡಾ ಅಂತ ಬರೆದು ಕೊಡ್ತೀರಾ?' ಗ್ರನಾಡಾದಲ್ಲಿ ಕೈಯಿಂದ ಮಾಡಿದ್ದು ಅಂತ ಅರ್ಥ. ನಾವು ಆಮೇಲೆ ಹೋದ ಕಡೆ ಹೀಗೆ ಕೇಳಿದಾಗ ಆ ಹೆಂಗಸು ಆಶ್ಚರ್ಯವನ್ನೂ ಪಡದೆ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟರು. ಚೌಕಾಸಿಗೆ ಮಾತ್ರ ಒಪ್ಪಲಿಲ್ಲ. ಇನ್ನೊಂದು ಅಂಗಡಿಯಲ್ಲಿ ಇದೇ ಪ್ರಶ್ನೆ ಕೇಳಿದ್ದಕ್ಕೆ ಅವರಿಗೆ ಇದ್ದಕ್ಕಿದ್ದಂತೆ ಇಂಗ್ಲಿಷ್ ಮರೆತುಹೋಯಿತು.

ಚಿಲ್ಲರೆ ವಿಷಯ ಎರಡಿವೆ. ಚರ್ಚಿನ ಹತ್ತಿರ ಹೆಂಗಸರು ರೋಸ್‌ಮೆರಿ ಕಡ್ಡಿಯನ್ನು ಪ್ರೀತಿಯಿಂದ ಕೈಗೆ ತುರುಕುತ್ತಾರೆ. ಹಿಡಿದರೆ ಕೈ ನೋಡಿ ಭವಿಷ್ಯ ಹೇಳಿ ದುಡ್ಡಿಗೆ ಗಂಟು ಬೀಳುತ್ತಾರೆ. ಕೈ ಜೇಬಿನಲ್ಲಿಟ್ಟುಕೊಂಡು ನಡೆಯಿರಿ. ಕಾರ್ಡ್ ಮೆಷೀನು 'ರೂಪಾಯಿಯಲ್ಲಾ, ಯೂರೊದಲ್ಲಾ' ಅಂತ ಕೇಳಿದರೆ ಯೂರೊ ಒತ್ತಿ. ರೂಪಾಯಿ ಒತ್ತಿದರೆ ಅವರು ಹಾಕಿದ್ದೇ ದರ.

ಟ್ಯಾಕ್ಸ್ ವಾಪಸ್ ಬಗ್ಗೆಯೂ ಕೇಳಿ. ಒಕ್ಕೂಟದ ಹೊರಗೆ ವಾಸ ಇರುವವರಿಗೆ ಸ್ಪೇನಿನಲ್ಲಿ ಕೊಂಡ ಸಾಮಾನಿನ ತೆರಿಗೆ ಹಿಂದೆ ಸಿಗುತ್ತದೆ, 2018ರಿಂದ ಇಷ್ಟೇ ಕೊಳ್ಳಬೇಕು ಅನ್ನುವ ಮಿತಿಯೂ ಇಲ್ಲ. ಅಂಗಡಿಯವರು ಪಾಸ್‌ಪೋರ್ಟ್ ನೋಡಿ ದಿವಾ ಅನ್ನುವ ಫಾರಂ ಕೊಡುತ್ತಾರೆ. ಒಕ್ಕೂಟ ಬಿಟ್ಟು ಹೊರಡುವ ವಿಮಾನ ನಿಲ್ದಾಣದಲ್ಲಿ, ದೊಡ್ಡ ಬ್ಯಾಗ್ ಒಳಗೆ ಹೋಗುವ ಮೊದಲೇ, ಅದನ್ನು ಕಸ್ಟಮ್ಸ್‌ನಲ್ಲಿ ದೃಢಪಡಿಸಿಕೊಳ್ಳಬೇಕು. ಜರ್ಮನಿ, ನೆದರ್ಲೆಂಡ್ಸ್‌ನಲ್ಲಿ ನೆಲೆಸಿರುವ ನಮ್ಮವರಿಗೆ ಈ ಸೌಲಭ್ಯ ಇಲ್ಲ.