ಕಾಳಿ, ಸೀತಾ, ಹೊನ್ನೆಮರಡು: ಮೂರು ಕಡೆ ಕಯಾಕ್ ಹುಟ್ಟು ಹಾಕಿ ನೋಡಿದ್ದು

ಸೀತಾ ನದಿಯ ಕೆಸರಿನಲ್ಲಿ ಸಿಕ್ಕಿಹಾಕಿಕೊಂಡು ಕೂತಿದ್ದಾಗ ಈ ಹೋಲಿಕೆ ಬರೆಯಬೇಕು ಅನ್ನಿಸಿತು. ಅರ್ಧ ಗಂಟೆ ಮುಂಚೆ ನಮ್ಮ ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ತೇಲುತ್ತಿದ್ದ ಜಾಗದಲ್ಲಿ ಸಣ್ಣ ಸಣ್ಣ ಏಡಿಗಳು ಓಡಾಡುತ್ತಿದ್ದವು. ಆಚೆ ಬಲೆ ಬಿಡಿಸುತ್ತಿದ್ದ ಅಜ್ಜರೊಬ್ಬರು ನಮ್ಮನ್ನು ನೋಡಿ ನಕ್ಕರು. "ಇನ್ನ್ ಎಂತ ಮಾಡೂಕೂ ಆತಿಲ್ಲೆ ಮಾರಾಯ್ರೆ, ಸುಮ್ನೆ ಕೂಕಣಿ. ನೀರ್ ಏರೂಕೆ ಇನ್ನೂ ಹೊತ್ತಿತ್ತ್."

ಕೂತೆವು. ಬೇರೆ ದಾರಿ ಇರಲಿಲ್ಲ.

ಎರಡು ಚಳಿಗಾಲದಲ್ಲಿ ನಾವು ಮೂರು ಕಡೆ ಹೋಗಿ ಬಂದೆವು. ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು, ಜೊತೆಗೆ ಈಜು ಬಾರದ ನನ್ನ ಭಾವಮೈದ. ಗಣೇಶಗುಡಿಯ ಹತ್ತಿರ ಕಾಳಿ ನದಿ, ಸಾಲಿಗ್ರಾಮದ ಹತ್ತಿರ ಸೀತಾ ನದಿಯ ಹಿನ್ನೀರು, ಸಾಗರದ ಕಡೆ ಹೊನ್ನೆಮರಡು. ಯಾವುದು ಚೆನ್ನಾಗಿದೆ ಅಂತ ಸ್ನೇಹಿತರು ಕೇಳುತ್ತಾರೆ. ಚೆನ್ನಾಗಿಲ್ಲದ್ದು ಯಾವುದೂ ಇಲ್ಲ. ಆದರೆ ಅಲ್ಲಿಯ ನೀರು ಯಾರ ಮಾತು ಕೇಳುತ್ತೆ ಅಂತ ಮೊದಲು ತಿಳಿದುಕೊಳ್ಳದೆ ಹೊರಟರೆ ನಮ್ಮ ಹಾಗೆ ಏಡಿ ಎಣಿಸುತ್ತಾ ಕೂರಬೇಕಾಗುತ್ತದೆ.

ಕಾಳಿಯಲ್ಲಿ ನೀರು ಅಣೆಕಟ್ಟಿನ ಮಾತು ಕೇಳುತ್ತೆ. ಗಣೇಶಗುಡಿಯ ಪಕ್ಕದಲ್ಲೇ ಸೂಪಾ ಅಣೆಕಟ್ಟು, 101 ಮೀಟರ್ ಎತ್ತರ. ಹಳೆಯ ಸೂಪಾ ಊರು ಅದರ ಹಿನ್ನೀರಲ್ಲಿ ಮುಳುಗಿ, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ಅಣೆಕಟ್ಟಿನ ಬುಡದ ವಿದ್ಯುತ್ ಮನೆಯಲ್ಲಿ 50 ಮೆಗಾವ್ಯಾಟಿನ ಎರಡು ಯಂತ್ರಗಳಿವೆ. ಅವು ತಿರುಗಿದರೆ ಕೆಳಗೆ ತುಂಬಿದ ಹೊಳೆ. ನಿಂತರೆ ಬಂಡೆಗಳ ನಡುವೆ ಹರಿಯುವ ಹಳ್ಳ. ನಾವು ಬೆಳಿಗ್ಗೆ ಎಂಟಕ್ಕೇ ಹೋಗಿ ನಿಂತರೆ ಅಲ್ಲಿಯ ಹುಡುಗ, "ನೀರ್ ಇನ್ನೂ ಬಿಟ್ಟಿಲ್ರಿ, ಚಹಾ ಕುಡೀರಿ" ಅಂದ. ಎರಡು ಸಲ ಚಹಾ ಆಯಿತು. ಆಮೇಲೆ ಒಣಗಿದ್ದ ಬಂಡೆಯೊಂದರ ಸುತ್ತ ನೀರು ಸದ್ದಿಲ್ಲದೆ ಏರಿತು. ನೋಡನೋಡುತ್ತಲೇ ಬಂಡೆಯ ತಲೆ ಮಾತ್ರ ಉಳಿಯಿತು. ಅಣೆಕಟ್ಟಿನ ಕೆಳಗಿನ ಹೊಳೆಯಲ್ಲಿ ಫೋಟೋಗೋಸ್ಕರ ನಡುಬಂಡೆಗೆ ಹೋಗಿ ಕೂರಬಾರದು ಅಂತ ಯಾಕೆ ಹೇಳುತ್ತಾರೆ ಅನ್ನೋದು ಆವತ್ತು ಕಣ್ಣಾರೆ ಗೊತ್ತಾಯಿತು.

ಮಜಾ ಅಂದರೆ ಕಾಳಿಯದೇ ಮಜಾ, ಅದರಲ್ಲಿ ಅನುಮಾನವಿಲ್ಲ. ನೀರಿಗೆ ಓಟವಿದೆ, ನೀವು ಹುಟ್ಟು ಹಾಕದಿದ್ದರೂ ಕಯಾಕ್ ಹೋಗುತ್ತದೆ. ತೊಂದರೆ ಇರೋದೂ ಅಲ್ಲೇ. ರಭಸದ ಜಾಗಕ್ಕೆ ಇಳಿಯುವ ಮುಂಚೆ ಹೇಳಿಕೊಟ್ಟ ಪಾಠಗಳಲ್ಲಿ ಎರಡು ನಮ್ಮ ಸಹಜ ಬುದ್ಧಿಗೆ ಪೂರ್ತಿ ಉಲ್ಟಾ. ಒಂದು, ಕಯಾಕ್ ಅಡ್ಡ ತಿರುಗಿ ಬಂಡೆಗೆ ತಾಗಿದರೆ ಬಂಡೆಯ ಕಡೆಗೇ ವಾಲಬೇಕು, ಅದನ್ನು ತಬ್ಬಿಕೊಳ್ಳುವವರ ಹಾಗೆ. ಹೆದರಿ ಈಚೆಗೆ ವಾಲಿದರೆ ಮೇಲಿನಿಂದ ಬರುವ ನೀರು ಕಯಾಕಿನೊಳಗೆ ನುಗ್ಗಿ ಮಗುಚಿ ಹಾಕುತ್ತದೆ. ಇನ್ನೊಂದು, ಓಡುವ ನೀರಿಗೆ ಬಿದ್ದರೆ ಎದ್ದು ನಿಲ್ಲಬಾರದು, ಮೊಣಕಾಲುದ್ದ ನೀರಾದರೂ. ಕಾಲು ಎರಡು ಕಲ್ಲಿನ ಸಂದಿಗೆ ಸಿಕ್ಕಿಕೊಂಡರೆ ನೀರಿನ ರಭಸಕ್ಕೆ ಮುಖ ಕೆಳಗಾಗಿ ಬೀಳುತ್ತೀರಿ, ಮತ್ತೆ ಏಳುವುದು ಕಷ್ಟ. ಅಂಗಾತ ಮಲಗಿ, ಕಾಲು ಮೇಲೆತ್ತಿ ನೀರು ಹರಿಯುವ ಕಡೆಗೆ ಚಾಚಬೇಕು. ನಾನು ಒಂದು ಸಲ ಬಿದ್ದೆ. ಪಾಠವೆಲ್ಲ ಮರೆತು ಮೊದಲು ನಿಲ್ಲೋಕೇ ಹೋದೆ. ದಡದಿಂದ "ಕಾಲ್ ಮ್ಯಾಲೆ!" ಅಂತ ಕೂಗಿದ್ದು ಕೇಳಿ ಮಲಗಿದೆ. ತಲೆಗೆ ಹೆಲ್ಮೆಟ್ ಇತ್ತು, ಬೆನ್ನಿಗೆ ಮಾತ್ರ ಒಂದು ಕಲ್ಲು ಚೆನ್ನಾಗಿಯೇ ತಾಗಿತು.

ಮಗಳನ್ನು ಅಲ್ಲಿ ರಭಸದ ಕಡೆ ಬಿಡಲಿಲ್ಲ. ನಿಂತ ನೀರಿನಲ್ಲಿ ನನ್ನ ಜೊತೆ ಒಂದು ಸುತ್ತು, ಅಷ್ಟೇ. ಇನ್ನೊಂದು ಮಾತು. ದಾಂಡೇಲಿಯ ಹತ್ತಿರ ಕಾಳಿಯಲ್ಲಿ ಮೊಸಳೆಗಳಿವೆ. ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಾ ಬಿದ್ದಿರುವುದನ್ನು ಸೇತುವೆಯ ಮೇಲಿಂದ ನೋಡಬಹುದು. ಹಾಗಾಗಿ ಸ್ವಂತ ಕಯಾಕ್ ತಂದು ಕಂಡಲ್ಲಿ ಇಳಿಯುವ ಹೊಳೆ ಇದಲ್ಲ. ಸ್ಥಳೀಯರು ಎಲ್ಲಿ ಇಳಿಸುತ್ತಾರೋ ಅಲ್ಲೇ ಇಳಿಯಬೇಕು.

ಹೊನ್ನೆಮರಡಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ನಿಜವಾಗಿ ಹರಿಯುವ ನದಿಯೇ ಅಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ನಿಂತ ಶರಾವತಿ. ಜಲಾಶಯದ ಪೂರ್ತಿ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ತುಂಬಿದಾಗ ಹೋದರೆ ದ್ವೀಪಗಳು, ಕಾಡು, ಸದ್ದೇ ಇಲ್ಲದ ನೀರು. ಕಲಿಯೋಕೆ ಇದಕ್ಕಿಂತ ಒಳ್ಳೆ ಜಾಗ ಮೂರರಲ್ಲಿ ಇಲ್ಲ. ಮಗುಚಿದ ಕಯಾಕನ್ನು ನೆಟ್ಟಗೆ ಮಾಡಿ, ಕಾಲು ಬಡಿಯುತ್ತಾ ಹೊಟ್ಟೆಯ ಮೇಲೆ ಮಲಗಿ ಹತ್ತೋದನ್ನ ನಾವು ಕಲಿತಿದ್ದು ಅಲ್ಲೇ. ಆದರೆ ಗಾಳಿ! ಬೆಳಿಗ್ಗೆ ಕನ್ನಡಿಯ ಹಾಗಿದ್ದ ನೀರಿನಲ್ಲಿ ಮಧ್ಯಾಹ್ನ ಅಲೆ ಎದ್ದಿತು. ಹೋಗುವಾಗ ಬೆನ್ನಿಗಿದ್ದ ಗಾಳಿ ಬರುವಾಗ ಎದುರಿಗೆ. ಅರ್ಧ ಗಂಟೆಯ ದಾರಿಗೆ ಒಂದೂವರೆ ಗಂಟೆ ಆಯಿತು, ಹೆಂಡತಿಯ ಅಂಗೈಯಲ್ಲಿ ಬೊಬ್ಬೆ ಎದ್ದವು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಮರದ ಬೊಡ್ಡೆಗಳು ತಲೆ ಎತ್ತುತ್ತವೆ, ನೀರಿನ ಅಂಚಿಗೆ ನಡೆಯೋದೂ ಜಾಸ್ತಿ.

ಈಗ ಸೀತೆ. ಉಡುಪಿಯಿಂದ ಕುಂದಾಪುರಕ್ಕೆ ಹೋಗುವ ಹೆದ್ದಾರಿಯಲ್ಲೇ ಸಾಲಿಗ್ರಾಮ ಸಿಗುತ್ತದೆ. ಅಲ್ಲಿಂದ ಸ್ವಲ್ಪ ಒಳಗೆ ಪಾರಂಪಳ್ಳಿಯ ಕಡೆ ಹಿನ್ನೀರು, ಎರಡೂ ಬದಿ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳು. ಒಂದೊಂದು ಕಡೆ ಅವು ತಲೆಯ ಮೇಲೆ ಕೂಡಿಕೊಂಡು ಹಸಿರು ಸುರಂಗದ ಹಾಗೆ ಆಗಿವೆ. ಒಳಗೆ ಹೋದರೆ ಹುಟ್ಟಿನಿಂದ ತೊಟ್ಟಿಕ್ಕುವ ನೀರಿನ ಸದ್ದು ಕೂಡ ಕೇಳುತ್ತದೆ. ನೀರಿಗೆ ಕೈ ಇಡೋಕೂ ಹೆದರುತ್ತಿದ್ದ ಭಾವಮೈದ ಹತ್ತೇ ನಿಮಿಷದಲ್ಲಿ ಹಾಡು ಶುರು ಮಾಡಿದ. ಬಂಡೆ ಇಲ್ಲ, ರಭಸ ಇಲ್ಲ.

ಆ ಧೈರ್ಯದಲ್ಲೇ ನಾವು ಮೋಸ ಹೋಗಿದ್ದು. ಇಲ್ಲಿ ನೀರು ಸಮುದ್ರದ ಭರತ ಇಳಿತಕ್ಕೆ ತಕ್ಕಂತೆ ಏರಿ ಇಳಿಯುತ್ತದೆ, ದಿನಕ್ಕೆ ಎರಡು ಸಲ. ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಕಳೆದ ವಾರ ಹೋಗಿ ಬಂದವರ ಟೈಮಿಂಗ್ ನಿಮಗೆ ಉಪಯೋಗಕ್ಕೆ ಬರಲ್ಲ. ನಾವು ಹೋಗಿದ್ದು ಅಮಾವಾಸ್ಯೆಯ ಮಾರನೇ ದಿನ. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಹೊರಡುವಾಗ ಅಲ್ಲಿಯವರು "ಹನ್ನೊಂದರ ಒಳಗೆ ವಾಪಸ್ ಬನ್ನಿ" ಅಂತ ಹೇಳಿದ್ದರು. ಮಿಂಚುಳ್ಳಿಯ ಹಿಂದೆ ಬಿದ್ದು ಒಂದು ಸಣ್ಣ ಕವಲಿಗೆ ನುಗ್ಗಿದವರು ನಾವೇ. ತಪ್ಪು ನಮ್ಮದೇ.

ಇಳಿದು ತಳ್ಳೋಣ ಅಂತ ಭಾವಮೈದ ಒಂದು ಕಾಲು ಇಟ್ಟ. ಮೊಣಕಾಲಿನ ತನಕ ಒಳಗೆ ಹೋಯಿತು. ಕಾಲು ಎಳೆದಾಗ ಚಪ್ಪಲಿ ಕೆಸರಿಗೇ ಬಿಟ್ಟುಹೋಯಿತು, ಈಗಲೂ ಅಲ್ಲೇ ಇರಬೇಕು. ಕಾಂಡ್ಲದ ಬೇರಿಗೆ ಅಂಟಿದ ಚಿಪ್ಪುಗಳು ಬ್ಲೇಡಿನಷ್ಟು ಹರಿತ, ಹಿಡಿದುಕೊಳ್ಳಲು ಹೋದ ಬೆರಳು ಕೊಯ್ದುಕೊಂಡ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಹಳೆಯ ಬೂಟು ಹಾಕಿಕೊಂಡು ಹೋಗಿ, ಹವಾಯಿ ಚಪ್ಪಲಿ ಬೇಡವೇ ಬೇಡ. ಕುಡಿಯುವ ನೀರು ಜಾಸ್ತಿ ಇಟ್ಟುಕೊಳ್ಳಿ. ನಮ್ಮ ಹತ್ತಿರ ನಾಲ್ಕು ಜನಕ್ಕೆ ಒಂದು ಬಾಟಲಿ ಇತ್ತು.

ಕೆಸರಿನಲ್ಲಿ ಕೂರೋದು ನಾಚಿಕೆಯ ವಿಷಯ, ಅಪಾಯದ್ದೇನಲ್ಲ. ನಿಜವಾದ ಅಪಾಯ ಅಳಿವೆಯ ಕಡೆ. ಸೀತಾ ಮತ್ತು ಸುವರ್ಣಾ ನದಿಗಳು ಕೋಡಿ ಬೆಂಗ್ರೆಯ ಹತ್ತಿರ ಸಮುದ್ರ ಸೇರುತ್ತವೆ. ಇಳಿತದ ಹೊತ್ತಿನಲ್ಲಿ ಅಷ್ಟೂ ನೀರು ಹೊರಗೆ ಓಡುತ್ತಿರುತ್ತದೆ, ಎದುರಿಂದ ಕಡಲಿನ ಅಲೆ. ಬಾಡಿಗೆ ಕಯಾಕಿನಲ್ಲಿ ಆ ಕಡೆ ಹೋಗುವ ಹುಚ್ಚು ಬೇಡ.

ಲೈಫ್ ಜಾಕೆಟ್ ವಿಷಯ ಮೂರೂ ಕಡೆಗೆ ಒಂದೇ. ಒಂದು ಕಡೆ (ಊರು ಹೇಳೋದು ಬೇಡ) ಮಗಳಿಗೆ ದೊಡ್ಡವರ ಜಾಕೆಟ್ ಕೊಟ್ಟು "ಗಟ್ಟಿ ಕಟ್ಟಿದ್ರೆ ಆಯ್ತು" ಅಂದರು. ನಾನು ಅದರ ಎರಡೂ ಭುಜ ಹಿಡಿದು ಮೇಲೆತ್ತಿದೆ. ಜಾಕೆಟ್ ಅವಳ ಕಿವಿ ದಾಟಿ ಬಂತು, ಒಳಗಿಂದ ಕಿಸಕ್ಕನೆ ನಗು ಕೇಳಿಸಿತು. ನೀರಿನಲ್ಲೂ ಹೀಗೇ ಆಗುತ್ತದೆ: ಜಾಕೆಟ್ ಮೇಲೆ, ಮಗು ಕೆಳಗೆ. ಚಿಕ್ಕದು ಇಲ್ಲ ಅಂದರು. ಆ ದಿನ ಅವಳು ನೀರಿಗೆ ಇಳಿಯಲಿಲ್ಲ, ಸಂಜೆಯವರೆಗೂ ನನ್ನ ಜೊತೆ ಮಾತೂ ಆಡಲಿಲ್ಲ.

ಒಬ್ಬನೇ ಹೋಗೋದಾದರೆ, ಸ್ನೇಹಿತರ ಜೊತೆ ಹೋಗೋದಾದರೆ, ನನ್ನ ವೋಟು ಕಾಳಿಗೇ. ಅದೂ ಮುಂಚಿನ ದಿನವೇ ಫೋನ್ ಮಾಡಿ ನೀರು ಯಾವಾಗ ಬಿಡುತ್ತಾರೆ ಅಂತ ಕೇಳಿಕೊಂಡು. ಈಗಷ್ಟೇ ಕಲಿಯುವವರು ಹೊನ್ನೆಮರಡಿಗೆ ಹೋಗಿ, ಊಟದ ಹೊತ್ತಿಗೆ ದಡ ಸೇರಿ. ಮಳೆಗಾಲದಲ್ಲಿ ಮೂರೂ ಬೇಡ. ಮನೆಮಂದಿಯ ಜೊತೆಗಾದರೆ ಸೀತೆ, ಕೆಸರಿನ ಕಥೆ ಆದ ಮೇಲೂ. ಭಾವಮೈದನೂ ಅದನ್ನೇ ಹೇಳುತ್ತಾನೆ, ಹೊಸ ಚಪ್ಪಲಿಯ ದುಡ್ಡು ಮಾತ್ರ ಇನ್ನೂ ಕೇಳುತ್ತಿದ್ದಾನೆ.

ಈ ಡಿಸೆಂಬರಿಗೆ ಮತ್ತೆ ಅಲ್ಲಿಗೇ ಹೊರಟಿದ್ದೇವೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ ಅಂತ, ಮೊನ್ನೆ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ ಗುರುತು ಹಾಕುತ್ತಿದ್ದೆ. ಜನ್ಮದಲ್ಲಿ ಪಂಚಾಂಗ ನೋಡದ ಮಗ ಇದೇನು ಮಾಡುತ್ತಿದ್ದಾನೆ ಅಂತ ಅಮ್ಮನಿಗೆ ಆಶ್ಚರ್ಯ.

"ಯಾರ ಮದುವೆಯೋ?" ಅಂದರು.