ಆ ಮೂರು ಪುಟಕ್ಕಾದರೂ ಓದಿ

ಕಕ್ಕಡ ತಿಂಗಳ ಮಳೆ ಹಿಡಿದರೆ ನಮ್ಮ ವಿರಾಜಪೇಟೆ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳೋಕಾಗಲ್ಲ. ಈ ಕಾದಂಬರಿಯನ್ನು ಅರ್ಧ ಎಮರ್ಜೆನ್ಸಿ ಲೈಟಿನಲ್ಲಿ, ಅರ್ಧ ಒಲೆ ಮುಂದೆ ಕೂತು ಓದಿದೆ. ಪಾರ್ಸೆಲ್ ಒದ್ದೆಯಾಗಿ ಬಂದಿತ್ತು. ಮೊದಲ ಹಾಳೆಗಳನ್ನು ಒಣಗಿಸಿಕೊಂಡೇ ಶುರು ಮಾಡಿದೆ.

ಕಥೆ 1940ರ ಇಂಗ್ಲೆಂಡಿನದು. ಜರ್ಮನ್ ವಿಮಾನಗಳು ದಿನಾ ಮೇಲೆ ಬೀಳುತ್ತಿದ್ದ ಕಾಲ. ನಾಯಕ ಹರಿಕೇನ್ ಅನ್ನುವ ಬ್ರಿಟಿಷ್ ಯುದ್ಧವಿಮಾನದ ಪೈಲಟ್. ಒಂದು ಬೆಳಿಗ್ಗೆ ಹೆದರಿ, ಜೊತೆಗಾರನನ್ನು ಬಿಟ್ಟು ವಿಮಾನ ತಿರುಗಿಸಿಬಿಡುತ್ತಾನೆ. ಜೊತೆಗಾರ ಸಮುದ್ರಕ್ಕೆ ಬೀಳುತ್ತಾನೆ, ದೇಹವೂ ಸಿಗುವುದಿಲ್ಲ. ಕೆಲವೇ ದಿನಕ್ಕೆ ಇವನ ವಿಮಾನಕ್ಕೂ ಬೆಂಕಿ. ಹರಿಕೇನ್‌ನಲ್ಲಿ ಪೈಲಟ್ ಎದುರಿಗೇ ಒಂದು ಪೆಟ್ರೋಲ್ ಟ್ಯಾಂಕ್ ಇತ್ತು. ಅದಕ್ಕೆ ಗುಂಡು ತಗುಲಿದರೆ ಉರಿ ನೇರ ಮುಖಕ್ಕೆ, ಕೈಗೆ.

ಆಸ್ಪತ್ರೆಯ ಭಾಗ ಬಹಳ ಚೆನ್ನಾಗಿದೆ. ಈಸ್ಟ್ ಗ್ರಿನ್‌ಸ್ಟೆಡ್ ಊರು, ಅಲ್ಲಿನ ಡಾಕ್ಟರ್ ಆರ್ಚಿಬಾಲ್ಡ್ ಮ್ಯಾಕಿಂಡೋ, ಇವೆಲ್ಲ ನಿಜ. ಸಮುದ್ರಕ್ಕೆ ಬಿದ್ದ ಪೈಲಟ್‌ಗಳ ಸುಟ್ಟ ಗಾಯ ಬೇಗ ಮಾಯುವುದನ್ನು ಕಂಡು ಅವರು ಉಪ್ಪುನೀರಿನ ಸ್ನಾನ ಕೊಡಿಸುತ್ತಿದ್ದರು. ಊರಿನವರು ಆ ಹುಡುಗರ ಮುಖ ನೋಡಿ ಹಿಂಜರಿಯದೆ ಮನೆಗೆ ಕರೆಯುತ್ತಿದ್ದರು. ಕಾದಂಬರಿಯಲ್ಲಿ ನಾಯಕ ಉಪ್ಪುನೀರಿನ ತೊಟ್ಟಿಯಲ್ಲಿ ಕೂತು, ಇದೇ ನೀರು ಅವನನ್ನು ನುಂಗಿತು, ನನ್ನನ್ನು ವಾಸಿ ಮಾಡುತ್ತಿದೆ ಅಂದುಕೊಳ್ಳುತ್ತಾನೆ. ಅಲ್ಲಿ ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ನರ್ಸ್ ಜೊತೆಗಿನ ಪ್ರೇಮ ಅಷ್ಟು ಹಿಡಿಸಲಿಲ್ಲ. ಅನುವಾದದಲ್ಲಿ ಇಬ್ಬರೂ ಕೊನೆತನಕ ‘ತಾವು’ ಅಂತಲೇ ಮಾತಾಡುತ್ತಾರೆ. ಮುತ್ತು ಕೊಟ್ಟ ಮೇಲೂ ತಾವು! ಅಚ್ಚಿನ ಅಕ್ಷರವೂ ಸಣ್ಣದು.

ನನ್ನ ದೊಡ್ಡ ತಕರಾರು ಬೇರೆ. ಅವನ ತಪ್ಪನ್ನು ಆ ನರ್ಸ್ ಕ್ಷಮಿಸಿಬಿಡುತ್ತಾಳೆ, ಅವನ ಮನಸ್ಸೂ ಹಗುರಾಗುತ್ತದೆ. ಕ್ಷಮಿಸಲು ಇವಳು ಯಾರು? ಕಳೆದುಕೊಂಡವಳು ಆ ಜೊತೆಗಾರನ ತಾಯಿ ಅಲ್ವಾ? ಅವಳ ಬಾಗಿಲಿಗೆ ಇವನು ಹೋಗುವುದು ಕೊನೆಯ ಹಿಂದಿನ ಅಧ್ಯಾಯದಲ್ಲಿ. ಬರೀ ಮೂರು ಪುಟ. ಅವಳು ಬೈಯುವುದಿಲ್ಲ, ಅಳುವುದಿಲ್ಲ. ‘ಚಳಿ ಇದೆ, ಒಳಗೆ ಬಾ’ ಅನ್ನುತ್ತಾಳೆ. ಮಗನ ಕೋಟು ಇನ್ನೂ ಮೊಳೆಗೆ ನೇತಾಡುತ್ತಿದೆ. ಇಡೀ ಪುಸ್ತಕದ ಜೀವ ಅಲ್ಲಿದೆ. ಅದನ್ನು ಮೂವತ್ತು ಪುಟ ಬರೆಯಬೇಕಿತ್ತು.

ಕೊಡಗಿನವರಿಗೆ ಇದು ದೂರದ ಕಥೆಯಲ್ಲ. ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಪ್ರತಿಮೆ ಇದೆ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಮನೆಯವರಿಗೆ ಆ 23 ವರ್ಷ ಹೇಗಿದ್ದಿರಬಹುದು ಅಂತ ಪ್ರತಿಮೆ ಮುಂದೆ ಹಾದಾಗೆಲ್ಲ ಅನಿಸುತ್ತದೆ. 1999ರ ಕಾರ್ಗಿಲ್ ಯುದ್ಧದಲ್ಲಿ ನಮ್ಮ ಯಜಮಾನರು ದ್ರಾಸ್‌ನಲ್ಲಿದ್ದರು. 56 ಎಪಿಒ ಅಂತ ಸೈನ್ಯದ ಅಂಚೆ ವಿಳಾಸ ಬರೆದ ಇನ್‌ಲ್ಯಾಂಡ್ ಲೆಟರ್ ಬರದೆ ಹೋದ ಮೂರು ವಾರ ನನಗೂ ಗೊತ್ತು. ಅದಕ್ಕೇ ಕಾಯುವವರಿಗೆ ಈ ಪುಸ್ತಕ ಇಷ್ಟು ಕಡಿಮೆ ಜಾಗ ಕೊಟ್ಟದ್ದು ನೋವಾಯಿತು.

ಆದರೂ ತೆಗೆದುಕೊಳ್ಳಿ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ, ಒಂದು ಪೂರ್ತಿ ಆ ತಾಯಿಗೆ.

ಆ ಮೂರು ಪುಟವನ್ನು ಕರೆಂಟ್ ಇಲ್ಲದ ರಾತ್ರಿ ನಮ್ಮವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ದ್ರಾಸ್‌ನಲ್ಲಿ ಅವರ ಪಕ್ಕವೇ ಇದ್ದ ಹಾಸನ ಕಡೆಯ ಹುಡುಗನೊಬ್ಬ ವಾಪಸ್ ಬರಲಿಲ್ಲ. ‘ಅವರ ಮನೆಗೆ ನಾನು ಒಂದು ಸಲವೂ ಹೋಗಿಲ್ಲ’ ಅಂದರು. ಕೈಲ್ ಮುಹೂರ್ತ ಹಬ್ಬ ಮುಗಿದ ಮೇಲೆ ಇಬ್ಬರೂ ಹೋಗುತ್ತೇವೆ. ಅವನ ತಾಯಿ ಇದ್ದಾರಂತೆ.